ಪಾಲಿಗೆ ಬಂದ ಸೋರೆಕಾಯಿ

ನಮ್ಮ ಯಜಮಾನರಿಗೆ ಶುಗರ್ ಇದೆ ಎಂದು ಗೊತ್ತಾದ ವರ್ಷವೇ ನಾವು ಬಾಳೂರಿನ ತರಕಾರಿ ಗುಂಪಿಗೆ ಸೇರಿದ್ದು. ಎರಡಕ್ಕೂ ಸಂಬಂಧವಿದೆ, ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮೇಲೆ ನಮ್ಮದು ಪಾತ್ರೆ ಅಂಗಡಿ. ಅದರ ಹಿಂದೆಯೇ ಮನೆ. ಮಾಳಿಗೆಯ ಮೇಲೆ ನನ್ನ ಮೈದುನನ ಸಂಸಾರ. ಯಜಮಾನರು ಗಿರಾಕಿಗಳ ಜೊತೆ ಮಾತಾಡಿಯೇ ಅಂಗಡಿ ನಡೆಸಿದವರು. ಶುಗರ್ ಎಂದು ಡಾಕ್ಟರು ಹೇಳಿದ ಮೇಲೆ ಕೆಲವು ದಿನ ಅವರ ಬಾಯಿಂದ ಮಾತೇ ಹೊರಡಲಿಲ್ಲ. ಆಮೇಲೆ ಮೊಬೈಲು ಹಿಡಿದರು. ಬೆಳಿಗ್ಗೆ ಎದ್ದು ಏನು ಕುಡಿಯಬೇಕು, ಯಾವ ಸೊಪ್ಪಿಗೆ ಯಾವ ಕಾಯಿಲೆ ಇಳಿಯುತ್ತದೆ ಎಂದು ಹೇಳಿಕೊಡುವ ವಿಡಿಯೊಗಳನ್ನು ಒಂದಾದ ಮೇಲೊಂದು ನೋಡುವುದು, ಅಡುಗೆಮನೆಗೆ ಬಂದು ನನಗೆ ಅಪ್ಪಣೆ ಮಾಡುವುದು. ಮೆಂತ್ಯ ನೆನೆಸಿದ ನೀರಾಯಿತು. ಹಾಗಲಕಾಯಿ ರಸವಾಯಿತು. ಕೊನೆಗೆ ಸೋರೆಕಾಯಿ ಜ್ಯೂಸಿಗೆ ಬಂದು ನಿಂತರು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ದೊಡ್ಡ ಲೋಟ.

ನಮ್ಮ ಊರಿನ ಸುತ್ತ ಎಲ್ಲಿ ನೋಡಿದರೂ ಹಸಿರು. ಆದರೆ ಅದೆಲ್ಲ ಕಾಫಿ, ಮೆಣಸು, ನೆರಳಿನ ಮರ. ಒಲೆಯ ಮೇಲೆ ಬೇಯುವುದೆಲ್ಲ ಬಯಲುಸೀಮೆಯಿಂದ ಲಾರಿಯಲ್ಲಿ ಬಂದು, ಒಂದೆರಡು ದಿನ ಗೋಣಿಯಡಿ ಬೆವರಿ, ಆಮೇಲೆ ನಮ್ಮ ಕೈಗೆ ಸಿಗುವಂಥದ್ದು. ದೊಡ್ಡ ದೊಡ್ಡ ಎಸ್ಟೇಟಿನವರೂ ಅದೇ ಬಾಡಿದ ಬೀನ್ಸಿಗೆ ಜೀಪು ನಿಲ್ಲಿಸುತ್ತಿದ್ದರು. ಇದೇನೂ ನನಗೆ ವಿಚಿತ್ರವಾಗಿ ಕಂಡಿರಲಿಲ್ಲ. ವಿಚಿತ್ರ ಎಂದು ಹೇಳಿದ್ದು ನಮ್ಮ ಬೀದಿಯ ಟೀಚರ್. ಹೈಸ್ಕೂಲಿನಿಂದ ರಿಟೈರಾದವರು, ನಮ್ಮಿಂದ ನಾಲ್ಕು ಮನೆ ಆಚೆ ಇದ್ದಾರೆ.

"ಬಾಳೂರು ಕಡೆ ಒಬ್ಳು ಗದ್ದೇಲಿ ತರಕಾರಿ ಬೆಳೀತಿದ್ದಾಳೆ. ನಾವೊಂದಿಷ್ಟು ಮನೆಯವ್ರು ಸೇರ್ಕೊಂಡಿದೀವಿ, ನೀನೂ ಸೇರು," ಎಂದರು.

"ಸೇರೋದು ಅಂದ್ರೆ ಹೆಂಗೆ ಟೀಚರ್?"

"ಸೀಸನ್ನಿನ ದುಡ್ಡು ಮೊದ್ಲೇ ಕೊಡೋದು. ಗದ್ದೇಲಿ ಏನು ಬೆಳೆಯುತ್ತೋ ಅದ್ರಲ್ಲಿ ನಮಗೆ ಪಾಲು. ಚೆನ್ನಾಗಿ ಬಂದ್ರೆ ಚೀಲ ತುಂಬ. ಹಂದಿ ನುಗ್ಗಿದ್ರೆ ಅರ್ಧ ಚೀಲ. ಅವ್ಳ ಕಷ್ಟಾನೂ ನಮ್ದೇ, ಸುಖಾನೂ ನಮ್ದೇ."

ಮೈದುನ ಇದನ್ನು ಕೇಳಿ ನಕ್ಕ. "ಹಂದಿ ತಿಂದಿದ್ದಕ್ಕೆ ನಾವು ದುಡ್ಡು ಕೊಡೋದಾ ಅತ್ತಿಗೆ? ಚೆನ್ನಾಗಿದೆ." ಆದರೆ ಯಜಮಾನರಿಗೆ ಔಷಧಿ ಹೊಡೆಯದ ಸೋರೆಕಾಯಿ ಬೇಕಿತ್ತು. ಅವರ ವಿಡಿಯೊದವನು ಅದನ್ನು ಒತ್ತಿ ಒತ್ತಿ ಹೇಳಿದ್ದನಂತೆ. ಸೇರಿದೆವು.

ದುಡ್ಡು ಕಟ್ಟುವ ಮುಂಚೆ ಗದ್ದೆ ನೋಡಿಕೊಂಡು ಬರಬೇಕೆಂಬುದು ಆ ಗುಂಪಿನ ಪದ್ಧತಿ. ಮಳೆ ಬಿಟ್ಟ ಮೇಲೆ ಒಂದು ಭಾನುವಾರ ನಾವಿಬ್ಬರೂ ಜೀಪು ಹತ್ತಿ ಹೋದೆವು. ರಸ್ತೆಯಿಂದ ಕಾಫಿ ತೋಟದೊಳಗೆ ಇಳಿದು ಹೋದರೆ ಕೆಳಗೆ ತಟ್ಟೆಯಂತೆ ಒಂದು ಗದ್ದೆ ಬಯಲು. ಆಕೆ ಗಂಬೂಟು ಹಾಕಿ, ತಲೆಗೆ ಟವೆಲು ಸುತ್ತಿ ಮೂಲಂಗಿ ಕೀಳುತ್ತಿದ್ದಳು. ವಯಸ್ಸು ಮೂವತ್ತೈದರ ಆಸುಪಾಸು ಇರಬಹುದು. ಗಂಡ ಪಕ್ಕದ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಲೆಕ್ಕ, ಕಾಫಿಯ ತೂಕ ನೋಡಿಕೊಳ್ಳುವವನು. ನಾಟಿಗೆ ಜನ ಸಿಗದೆ ಆ ಗದ್ದೆ ಹಾಳು ಬಿದ್ದಿತ್ತಂತೆ. ಮದುವೆಯಾಗಿ ಬಂದವಳು ಅದನ್ನು ನೋಡಿ ಸುಮ್ಮನಿರಲಾರದೆ ಒಂದು ಮೂಲೆಯಿಂದ ಅಗೆಯುತ್ತಾ ಬಂದಳಂತೆ.

ಯಜಮಾನರು ಅಂಗಡಿಯವರಲ್ಲವೇ, ಯಾವ ಮಾಲನ್ನೂ ತಿರುಗಿಸಿ ನೋಡದೆ ಬಿಡುವವರಲ್ಲ. "ಔಷಧಿ ಹೊಡಿಯೋದೇ ಇಲ್ವಾ?" ಎಂದು ಕೇಳಿದರು.

"ಇಲ್ಲ ಸಾರ್. ಹುಳ ಬಂದ್ರೆ ಹುಳಾನೂ ನಿಮ್ ಪಾಲಿಗೇ ಬರುತ್ತೆ," ಎಂದು ಆಕೆ ನಕ್ಕಳು. "ಬೀಜಾನೂ ನಂದೇ. ಚೆನ್ನಾಗಿ ಬಂದ ಕಾಯಿ ಬಳ್ಳೀಲೇ ಬಿಟ್ಟು ಒಣಗಿಸಿ ಇಟ್ಕೊಳ್ತೀನಿ. ಪೇಟೆ ಪಾಕೀಟು ಮುಟ್ಟಲ್ಲ."

ಆ ಮಾತು ಯಜಮಾನರಿಗೆ ಹಿಡಿಸಿಬಿಟ್ಟಿತು. ವಾಪಸು ಬರುವಾಗ ಜೀಪಿನಲ್ಲಿ ಪಕ್ಕದಲ್ಲಿದ್ದವರಿಗೆಲ್ಲ ಅದನ್ನೇ ಹೇಳುತ್ತಾ ಬಂದರು.

ವಾರಕ್ಕೊಂದು ಸಲ ಬಾಳೂರಿನ ಜೀಪಿನಲ್ಲಿ ಚೀಲಗಳು ಬರುತ್ತಿದ್ದವು. ಜೀಪಿನ ಡ್ರೈವರು ನಮ್ಮ ಪಕ್ಕದ ಮೆಡಿಕಲ್ ಶಾಪಿನ ಕಟ್ಟೆಯ ಮೇಲೆ ಇಳಿಸಿ ಹೋಗುವುದು, ನಾವು ನಮ್ಮ ನಮ್ಮ ಹೆಸರಿನದನ್ನು ತಂದುಕೊಳ್ಳುವುದು. ಮೊದಲ ಚೀಲ ಬಿಚ್ಚಿದಾಗ ನನಗಾದದ್ದನ್ನು ಆಶ್ಚರ್ಯ ಎಂದರೆ ಸಾಲದು. ಹರಿವೆ ಸೊಪ್ಪಿನ ಬೇರಿಗೆ ಇನ್ನೂ ಒದ್ದೆ ಮಣ್ಣು ಅಂಟಿತ್ತು. ಮುಳ್ಳುಸೌತೆಯನ್ನು ಮುರಿದರೆ ನೀರು ಜಿನುಗಿತು. ಬೆಂಡೆಕಾಯಿಯ ತುದಿ ಚಟ್ಟನೆ ಒಡೆಯಿತು. ಇಷ್ಟು ವರ್ಷ ನಾವು ತಿಂದದ್ದೆಲ್ಲ ಮತ್ತೇನು ಅನ್ನಿಸಿಬಿಟ್ಟಿತು. ಬಸಳೆ ಹುಳಿ ಮಾಡಿದ ದಿನ ಮೈದುನನೂ ಮಾಳಿಗೆಯಿಂದ ಇಳಿದು ಬಂದು ಎರಡನೆಯ ಸಲ ಬಡಿಸಿಕೊಂಡ. ಹಂದಿಯ ಮಾತು ಎತ್ತಲಿಲ್ಲ.

ಕಾಫಿ ಕುಯ್ಲು ಜೋರಾಗಿದ್ದ ಸಮಯದಲ್ಲಿ ಸೋರೆಕಾಯಿ ಬರತೊಡಗಿತು. ಎಳೆಯದು, ತೆಳು ಹಸಿರಿನದು, ಉಗುರು ತಾಗಿಸಿದರೆ ಹಾಲಿನ ಹನಿ ಬರುವಂಥದ್ದು. ಯಜಮಾನರ ಜ್ಯೂಸಿಗೆಂದು ನಾನು ಆಕೆಗೆ ಮೊದಲೇ ಹೇಳಿಟ್ಟಿದ್ದೆ. ನಮ್ಮ ಚೀಲಕ್ಕೆ ಯಾವಾಗಲೂ ಒಂದು ಹೆಚ್ಚು ಹಾಕಿ ಕಳಿಸುತ್ತಿದ್ದಳು. ಟೀಚರೂ ಹೇಳಿಟ್ಟಿದ್ದರು. ಅವರ ಮಗಳು ಬಾಣಂತನಕ್ಕೆ ಬಂದಿದ್ದಳು, ಸೋರೆಕಾಯಿ ಪಲ್ಯ ತಿಂದರೆ ಹಾಲು ಹೆಚ್ಚುತ್ತದೆಂದು ಅವರ ನಂಬಿಕೆ.

ಆ ದಿನ ಬೆಳಿಗ್ಗೆ ನಾನು ಎಂದಿನಂತೆ ಸೋರೆಕಾಯಿಯ ಸಿಪ್ಪೆ ಹೆರೆದು, ಹೋಳು ಮಾಡಿ ಮಿಕ್ಸಿಗೆ ಹಾಕಿದೆ. ನೋಡುವುದಕ್ಕೆ ಬೇರೆ ದಿನದ ಕಾಯಿಯ ಹಾಗೆಯೇ ಇತ್ತು. ಬಟ್ಟೆಯಲ್ಲಿ ಸೋಸಿ ಲೋಟ ತುಂಬಿ ಯಜಮಾನರ ಕೈಗೆ ಕೊಟ್ಟೆ. ಅವರು ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಕಹಿ ಇದೆಯಲ್ಲೇ ಮಾರಾಯ್ತಿ."

"ಕಹಿನಾ? ಹಂಗಾದ್ರೆ ಚೆಲ್ಬಿಡಿ. ಇವತ್ತು ಮೆಂತ್ಯ ನೀರೇ ಕುಡೀರಿ."

"ಚೆಲ್ಲೋದ್ಯಾಕೆ? ಹಾಗಲಕಾಯಿ ಕಹಿ ಇರಲ್ವಾ? ಕಹಿ ಇದ್ರೇನೆ ಶುಗರ್ ಇಳಿಯೋದು. ಔಷಧಿ ಹೊಡೀದೆ ಬೆಳೆದದ್ದು, ಏನೂ ಆಗಲ್ಲ."

ಮೂಗು ಹಿಡಿದುಕೊಂಡು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. ಅಷ್ಟು ಕಹಿಯೇ ಎಂದು ನಾನು ಮಿಕ್ಸಿ ಜಾರಿನ ತಳಕ್ಕೆ ಬೆರಳಾಡಿಸಿ ನಾಲಿಗೆಗೆ ಇಟ್ಟುಕೊಂಡೆ. ಹಾಗಲಕಾಯಿಯ ಕಹಿ ನಾಲಿಗೆಯ ಮೇಲೆ ಬಂದು ಹೋಗುತ್ತದೆ. ಇದು ಹೋಗಲಿಲ್ಲ. ಗಂಟಲೊಳಗೆ ಇಳಿದು ಅಲ್ಲೇ ಕಚ್ಚಿಕೊಂಡಿತು. ಬಾಯಿ ಮುಕ್ಕಳಿಸಿದೆ, ಬೆಲ್ಲದ ಚೂರು ಹಾಕಿಕೊಂಡೆ. ಬೆಲ್ಲವೂ ಕಹಿಯಾಯಿತು. "ರೀ, ಇದು ಸರಿ ಇಲ್ಲ ಕಣ್ರೀ," ಎಂದು ಹೇಳಿಕೊಂಡು ಹೊರಗೆ ಬರುವಷ್ಟರಲ್ಲಿ ಅವರು ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಓಡುತ್ತಿದ್ದರು.

ವಾಂತಿ ಎಂದರೆ ಮನೆಯಲ್ಲಿ ಎಲ್ಲರಿಗೂ ಆಗುತ್ತದೆ. ಮೊದಲ ಸಲ ಆದಾಗ ಹೊರಗೆ ಬಂದುಬಿಟ್ಟಿತಲ್ಲ, ಒಳ್ಳೆಯದೇ ಆಯಿತು ಎಂದೇ ನಾನು ಅಂದುಕೊಂಡದ್ದು. ಆದರೆ ಅದು ನಿಲ್ಲಲಿಲ್ಲ. ಮತ್ತೆ ಮತ್ತೆ ಆಯಿತು. ಭೇದಿಯೂ ಶುರುವಾಯಿತು. ಆಮೇಲಿನ ವಾಂತಿಯಲ್ಲಿ ವಾಶ್ ಬೇಸಿನ್ನಿನ ಬಿಳಿಯ ಮೇಲೆ ರಕ್ತ ಬಿತ್ತು. ಒಂದೆರಡು ಹನಿಯಲ್ಲ. ನಾನು ಅದನ್ನು ನೋಡುತ್ತಾ ನಿಂತೆ. ನನ್ನ ಕೈಗಳು ನಲ್ಲಿಯನ್ನು ತಿರುಗಿಸಿ ಅದನ್ನು ತೊಳೆಯುವುದಕ್ಕೆ ಹೊರಟವು, ಅಷ್ಟು ಮಂಕು ಕವಿದಿತ್ತು. ಯಜಮಾನರು ಗೋಡೆಗೆ ಒರಗಿ ಹಾಗೇ ಕೆಳಗೆ ಜಾರಿದಾಗ ನನ್ನ ಬಾಯಿಂದ ಕೂಗು ಹೊರಟಿತು. ಮೈದುನ ಮಾಳಿಗೆಯಿಂದ ಬರಿಗಾಲಿನಲ್ಲಿ ಓಡಿ ಬಂದ.

ಮೂಡಿಗೆರೆಯ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಬಿ.ಪಿ. ತುಂಬ ಇಳಿದಿದೆ, ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಎಂದು ಆಂಬುಲೆನ್ಸ್ ಮಾಡಿಕೊಟ್ಟರು. ಆಲ್ದೂರು ದಾರಿ ಆ ದಿನದಷ್ಟು ಉದ್ದವಾಗಿ ಎಂದೂ ಕಂಡದ್ದಿಲ್ಲ. ಕುಯ್ಲಿನ ಆಳುಗಳನ್ನು ತುಂಬಿಕೊಂಡ ಜೀಪುಗಳು ಬದಿಗೆ ಸರಿದು ಜಾಗ ಬಿಡುತ್ತಿದ್ದವು. ಒಳಗಿದ್ದವರು ಕತ್ತು ಚಾಚಿ ನಮ್ಮನ್ನು ನೋಡುತ್ತಿದ್ದರು. ಯಜಮಾನರ ಕೈ ಹಿಡಿದುಕೊಂಡಿದ್ದೆ, ಅದು ತಣ್ಣಗಿತ್ತು. ನನ್ನ ಬಾಯಿಯ ಕಹಿ ಹಾಗೇ ಇತ್ತು. ಬೆರಳ ತುದಿಯಷ್ಟು ನೆಕ್ಕಿದ ನನಗೇ ಹೊಟ್ಟೆ ಹಿಂಡುತ್ತಿತ್ತು. ಇವರು ಒಂದು ಲೋಟ ಕುಡಿದಿದ್ದಾರೆ ಎಂಬುದು ಆಗ ನನ್ನ ತಲೆಗೆ ಹೊಕ್ಕಿತು. ಅಲ್ಲಿಯವರೆಗೆ ನಾನು ಹಾರ್ಟಿನದೋ ಏನೋ ಎಂದುಕೊಂಡು ಹೆದರುತ್ತಿದ್ದೆ. ಸೋರೆಕಾಯಿ ಇಷ್ಟು ಮಾಡುತ್ತದೆಂದು ಹೊಳೆದಿರಲೇ ಇಲ್ಲ. ಯಾರಿಗಾದರೂ ಹೊಳೆಯುವ ಮಾತೇ ಅದು?

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಬೆಳಿಗ್ಗೆಯಿಂದ ಏನೇನು ಹೊಟ್ಟೆಗೆ ಹೋಯಿತು ಎಂದು ಕೇಳಿದರು. ನಾನು ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು.

"ಸೋರೆಕಾಯಿ ಜ್ಯೂಸಾ? ಕಹಿ ಇತ್ತಾ?"

"ಹೌದು. ತುಂಬ ಕಹಿ ಇತ್ತು."

"ಕಹಿ ಇದ್ರೂ ಕುಡಿದ್ರಾ? ಅದು ವಿಷ ಅಮ್ಮಾ."

"ಔಷಧಿ ಹೊಡೀದೆ ಬೆಳೆದದ್ದು ಡಾಕ್ಟ್ರೇ, ನಾವು ಕಣ್ಣಾರೆ ನೋಡಿದೀವಿ," ಎಂದೆ ನಾನು. ಆ ಹೊತ್ತಿನಲ್ಲೂ ನನ್ನ ಬಾಯಿಗೆ ಬಂದದ್ದು ಅದೇ ಮಾತು.

"ಇದು ಹೊಡಿಯೋ ಔಷಧಿಯ ವಿಷ ಅಲ್ಲ. ಕಾಯಿಯ ಒಳಗೇ ಹುಟ್ಟೋ ವಿಷ. ಒಂದೊಂದ್ಸಲ ಸೋರೆಕಾಯೀಲಿ ಹಂಗಾಗುತ್ತೆ. ಕಹಿ ಅಂತ ಗೊತ್ತಾದ ಕೂಡ್ಲೇ ಉಗುಳ್ಬೇಕು. ಇದಕ್ಕೆ ಅಂತ ಬೇರೆ ಮದ್ದಿಲ್ಲ. ಡ್ರಿಪ್ ಕೊಡ್ತೀವಿ, ಹೊಟ್ಟೆ ಹುಣ್ಣಾಗಿದ್ದಕ್ಕೆ ಇಂಜೆಕ್ಷನ್ ಕೊಡ್ತೀವಿ. ಬಿ.ಪಿ. ಮೇಲೆ ಬರೋ ತನಕ ಕಾಯ್ಬೇಕು."

"ಸೋರೆಕಾಯಿಗೆ ಯಾರಾದ್ರೂ ಸಾಯ್ತಾರಾ?" ಎಂದು ಕೇಳಿದೆ. ಇಲ್ಲ ಎನ್ನಲಿ ಎಂದೇ ಕೇಳಿದ್ದು.

"ಸತ್ತವರಿದಾರೆ," ಎಂದು ಮೆಲ್ಲಗೆ ಹೇಳಿ ಅವರು ಒಳಗೆ ಹೋದರು.

ಬೆಂಚಿನ ಮೇಲೆ ಕೂತೆ. ನಮ್ಮ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಮೊದಲು ತಿನ್ನಿಸುವ ತರಕಾರಿಗಳಲ್ಲಿ ಸೋರೆಕಾಯಿ ಒಂದು. ಜ್ವರ ಬಿಟ್ಟವರಿಗೆ, ವಯಸ್ಸಾದವರಿಗೆ, ಬಾಣಂತಿಯರಿಗೆ... ಬಾಣಂತಿ ಎಂಬ ಮಾತು ಮನಸ್ಸಿಗೆ ಬಂದದ್ದೇ ತಡ, ಕೂತಲ್ಲಿಂದ ಎದ್ದುಬಿಟ್ಟೆ. ಟೀಚರ ಮನೆಗೂ ಅದೇ ಜೀಪಿನಲ್ಲಿ ಅದೇ ಗದ್ದೆಯ ಸೋರೆಕಾಯಿ ಹೋಗಿದೆ.

ಫೋನ್ ಮಾಡಿದೆ. ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಮಗಳ ನಂಬರು ನನ್ನ ಬಳಿ ಇರಲಿಲ್ಲ. ಬಾಳೂರಿನವಳಿಗೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ ಎಂದು ಹೇಳಿತು. ಆ ಗದ್ದೆಯಲ್ಲಿ ನೆಟ್‌ವರ್ಕೇ ಇಲ್ಲ, ಮೇಲಿನ ರಸ್ತೆಗೆ ಹತ್ತಿ ಬಂದರೆ ಮಾತ್ರ ಸಿಗುತ್ತಾಳೆ. ಗುಂಪಿನ ವಾಟ್ಸಾಪಿನಲ್ಲಿ ಬರೆಯೋಣವೆಂದರೆ ಅಕ್ಷರವೆಲ್ಲ ತಪ್ಪುತ್ತಿತ್ತು. ಕೊನೆಗೆ ಬಾಯಲ್ಲೇ ಹೇಳಿ ಕಳಿಸಿದೆ: "ಸೋರೆಕಾಯಿ ಯಾರೂ ತಿನ್ಬೇಡಿ. ನಮ್ಮನೆಯವ್ರು ಆಸ್ಪತ್ರೇಲಿದಾರೆ. ಯಾರೂ ತಿನ್ಬೇಡಿ."

ಆಮೇಲೆ ಪಕ್ಕದ ಮೆಡಿಕಲ್ ಶಾಪಿನವರಿಗೆ ಫೋನ್ ಹಚ್ಚಿದೆ. ಅವರು ಇಡೀ ಮಾತು ಕೇಳಿಸಿಕೊಳ್ಳಲೂ ಇಲ್ಲ. "ಓಡ್ತೀನಿ ಇರಿ ಅಕ್ಕ," ಎಂದು ಫೋನ್ ಇಟ್ಟರು. ನಾನು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾದೆ. ಕಾಯುವಾಗ ಒಳಗೆ ಮಲಗಿದ್ದ ಗಂಡನನ್ನೂ ಮರೆತಿದ್ದೆ. ಕಣ್ಣ ಮುಂದೆ ಇದ್ದದ್ದು ಆ ಹಸುಗೂಸು ಮಾತ್ರ.

ಫೋನ್ ಬಂದದ್ದು ಟೀಚರದ್ದೇ ನಂಬರಿನಿಂದ.

"ಏನೂ ಆಗಿಲ್ಲ ಕಣೆ, ಏನೂ ಆಗಿಲ್ಲ," ಎಂದು ಅವರು ಏದುಸಿರಿನಲ್ಲಿ ಹೇಳಿದರು. "ಮಗೂಗೆ ಎಣ್ಣೆ ನೀರು ಹಾಕ್ತಿದ್ದೆ, ಫೋನ್ ಒಳಗಿತ್ತು. ಪಲ್ಯ ಮಾಡಿ ಉಪ್ಪು ನೋಡೋಣ ಅಂತ ಒಂದು ಹೋಳು ಬಾಯಿಗಿಟ್ಟೆ. ಥೂ ಅಂತ ಉಗುಳಿ ಎಲ್ಲಾ ಹಿತ್ಲಿಗೆ ಸುರಿದೆ. ಕಹಿಕಾಯಿ ಕಳಿಸಿದ್ದಾಳಲ್ಲ ಅಂತ ಬೈಕೊಂಡೆ ಅಷ್ಟೇ. ಮಗಳ ತಟ್ಟೆಗೆ ಹೋಗಿರ್ಲಿಲ್ಲ."

ಆಗ ನನಗೆ ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ.

ವಾಟ್ಸಾಪಿನಲ್ಲಿ ಒಬ್ಬೊಬ್ಬರಾಗಿ ಉತ್ತರ ಬರೆದರು. ಹೆಚ್ಚಿನವರಿಗೆ ಬಂದ ಕಾಯಿ ಸಿಹಿಯಾಗಿಯೇ ಇತ್ತು. ಇನ್ನೊಂದು ಮನೆಯಲ್ಲಿ ಕಹಿಯೆಂದು ಸಾರು ಚೆಲ್ಲಿದ್ದರು. ಕಹಿಕಾಯಿ ಸಿಕ್ಕಿದವರೆಲ್ಲ ಬಾಯಿಗಿಟ್ಟು ಉಗುಳಿದ್ದರು. ಮೂಗು ಹಿಡಿದು ನುಂಗಿದ್ದು ನಮ್ಮವರೊಬ್ಬರೇ.

ಮಗುವಿನ ಭಯ ಹೋದ ಕೂಡಲೇ ಆ ಜಾಗಕ್ಕೆ ಸಿಟ್ಟು ಬಂತು. ಯಜಮಾನರ ಮೇಲಲ್ಲ, ಆಕೆಯ ಮೇಲೆ. ಬೀಜ ನನ್ನದೇ ಎಂದು ಹೆಮ್ಮೆಯಿಂದ ಹೇಳಿದ್ದಳಲ್ಲ. ಮೈದುನ ನನ್ನ ಪಕ್ಕದಲ್ಲಿ ಕುದಿಯುತ್ತಿದ್ದ. "ಅತ್ತಿಗೆ, ಪೊಲೀಸ್ ಕಂಪ್ಲೇಂಟ್ ಕೊಡೋಣ. ಅಣ್ಣಂಗೆ ಏನಾದ್ರೂ ಆದ್ರೆ ಬಿಡಲ್ಲ ನಾನು." ನಾನು ಬೇಡ ಎನ್ನಲಿಲ್ಲ. "ಅವಳು ಬರ್ಲಿ ಮೊದ್ಲು," ಎಂದೆ. ಬಂದರೆ ಏನೇನು ಕೇಳಬೇಕು ಎಂದು ಮನಸ್ಸಿನಲ್ಲೇ ಮಾತುಗಳನ್ನು ಜೋಡಿಸಿಕೊಂಡೆ. ಮೆಡಿಕಲ್ ಶಾಪಿನವರು ಜೀಪಿನ ಡ್ರೈವರಿಗೆ ವಿಷಯ ಹೇಳಿ ಬಾಳೂರಿಗೆ ಓಡಿಸಿದ್ದಾರೆಂದು ಗೊತ್ತಾಗಿತ್ತು.

ಮಧ್ಯಾಹ್ನ ಕಳೆದ ಮೇಲೆ ಆ ಜೀಪು ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿತು. ನಾನು ಎದ್ದು ಹೊರಗೆ ಹೋದೆ. ನಾಲಿಗೆಯ ತುದಿಯಲ್ಲಿ ಮಾತು ಸಿದ್ಧವಾಗಿತ್ತು. ಮೊದಲು ಇಳಿದದ್ದು ಗಂಡ, ಎಸ್ಟೇಟಿನ ರೈಟರ್. ಅವನು ತಿರುಗಿ ಜೀಪಿನೊಳಗೆ ಎರಡೂ ಕೈ ಚಾಚಿ ಹೆಂಡತಿಯನ್ನು ಎತ್ತಿಕೊಂಡ. ಆಕೆಯ ಕಾಲಲ್ಲಿ ಇನ್ನೂ ಗಂಬೂಟು ಇತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ, ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸೀರೆಯ ಮೇಲೆ ಹಾಕಿದ್ದ ಶರಟಿನ ಎದೆಯೆಲ್ಲ ವಾಂತಿ. ಬೆಳಿಗ್ಗೆ ನಮ್ಮ ಬಚ್ಚಲಲ್ಲಿ ನೋಡಿದ ಅದೇ ಕೆಂಪು ಅದರಲ್ಲೂ ಇತ್ತು.

ಜೋಡಿಸಿಕೊಂಡಿದ್ದ ಮಾತು ಬಿಟ್ಟು ನಾನು ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಕೊಟ್ಟೆ.

"ಏನಾಯ್ತು?" ಎಂದು ಮೈದುನ ಕೇಳಿದ.

"ತಿಂದ್ಬಿಟ್ಲು ಸಾರ್," ಎಂದ ರೈಟರ್. "ನಾನು ಎಸ್ಟೇಟಲ್ಲಿದ್ದೆ, ತೂಕದ ಹೊತ್ತು. ಜೀಪಿನವ್ನು ಬಂದು ಹೇಳಿದ್ನಂತೆ. ಸೀದಾ ಸೋರೆ ಚಪ್ಪರಕ್ಕೆ ಹೋಗಿ ಒಂದೊಂದು ಬಳ್ಳಿಂದ ಒಂದೊಂದು ಕಾಯಿ ಕುಯ್ದು ನಾಲಿಗೆಗೆ ಇಟ್ಕೊಂಡು ನೋಡಿದ್ಲಂತೆ. ಕೊನೇ ಬಳ್ಳೀದು ಕಹಿ ಇತ್ತಂತೆ. ಅದನ್ನ ಉಗುಳ್ಲಿಲ್ಲ ಸಾರ್. ಅಗಿದು ನುಂಗಿದ್ಲಂತೆ."

ಡ್ರೈವರು ಹೌದೆಂದು ತಲೆಯಾಡಿಸಿದ. ತಾನು ನೋಡುತ್ತಾ ನಿಂತೇ ಇದ್ದೆ, ಬೇಡ ಎಂದು ಹೇಳುವುದಕ್ಕೂ ಹೊಳೆಯಲಿಲ್ಲ ಎಂದ.

ಮೈದುನ ಮೊದಲು ನಾಟಕ ಎಂದು ಗೊಣಗಿದ. ಆದರೆ ಆಕೆ ಸ್ಟ್ರೆಚರಿನ ಮೇಲೆ ಬಗ್ಗಿ ಒದ್ದಾಡುವುದನ್ನು ನೋಡಿದ ಮೇಲೆ ಅವನೇ ಓಡಿ ನರ್ಸನ್ನು ಕರೆದುಕೊಂಡು ಬಂದ. ರೈಟರ್ ಚೀಟಿ ಮಾಡಿಸಲು ಹೋದಾಗ ಆಕೆಯ ಬಾಯಿಯ ಹತ್ತಿರ ಬೇಸಿನ್ ಹಿಡಿದವಳು ನಾನು. ಸಿಟ್ಟು ಹೋಗಿತ್ತೇ ಎಂದು ಕೇಳಿದರೆ ಇಲ್ಲ. ಸಿಟ್ಟೂ ಇತ್ತು, ಕೈಯಲ್ಲಿ ಬೇಸಿನ್ನೂ ಇತ್ತು. ಡಾಕ್ಟರು ಬಂದು ನೋಡಿ, "ಮತ್ತೆ ಸೋರೆಕಾಯಾ?" ಎಂದು ನನ್ನ ಮುಖವನ್ನೇ ನೋಡಿದರು. ಒಂದೇ ದಿನ ಇಬ್ಬರು, ಅದರಲ್ಲೂ ಒಬ್ಬಳು ಗೊತ್ತಿದ್ದೂ ತಿಂದವಳು. ಅವಳಿಗೂ ಡ್ರಿಪ್ ಹಾಕಿಸಿದರು.

ಮರುದಿನ ಬೆಳಿಗ್ಗೆ ಯಜಮಾನರ ಬಿ.ಪಿ. ಸರಿಯಾದ ಜಾಗಕ್ಕೆ ಬಂತು. ಕಣ್ಣು ಬಿಟ್ಟು ಮೊದಲು ಕೇಳಿದ್ದು ಅಂಗಡಿ ತೆಗೆದಿದ್ದಾರೆಯೇ ಎಂದು. ಅವರಿಗೆ ಗಂಜಿಯ ತಿಳಿ ಕುಡಿಸಿ ನಾನು ಹೆಂಗಸರ ವಾರ್ಡಿಗೆ ಹೋದೆ. ಆಕೆಗೆ ಎಚ್ಚರವಿತ್ತು. ಕೈಗೆ ಡ್ರಿಪ್ಪು, ಕೂದಲಲ್ಲಿ ಇನ್ನೂ ಒಣಗಿದ ಎಲೆ. ಮೊದಲ ಸಲ ಆಕೆಯನ್ನು ಏಕವಚನದಲ್ಲಿ ಮಾತಾಡಿಸಿದೆ.

"ಯಾಕೆ ನುಂಗಿದೆ ಮಾರಾಯ್ತಿ?"

ಆಕೆ ಸೂರು ನೋಡುತ್ತಲೇ ಹೇಳಿದಳು.

"ಮೊದ್ಲನೇ ಚೂರು ಉಗುಳ್ಬೇಕು ಅಂತಾನೇ ಇದ್ದೆ ಅಕ್ಕ. ಆದ್ರೆ ನನ್ ಕೈಯಾರೆ ಬೆಳೆದದ್ದು ಅಷ್ಟು ಕಹಿ ಅಂತ ನಂಬಕ್ಕೇ ಆಗ್ಲಿಲ್ಲ. ಬೇರೆ ಏನೋ ಕಹಿ ಬಾಯಲ್ಲಿದೆ ಅಂದ್ಕೊಂಡೆ. ಇನ್ನೊಂದು ಚೂರು ಕಚ್ಚಿದೆ. ಆಗ್ಲೂ ನಂಬ್ಲಿಲ್ಲ. ಹಂಗೇ ತಿಂತಾ ಹೋದೆ." ಆಮೇಲೆ ನನ್ನ ಕಡೆ ತಿರುಗಿದಳು. "ನಿಮ್ಮೋರು ಅದನ್ನ ಒಂದು ಲೋಟ ಹೆಂಗೆ ಕುಡಿದ್ರು ಅಕ್ಕ?"

ನನಗೆ ನಗು ಬಂತು. ಆಸ್ಪತ್ರೆಯ ವಾರ್ಡಿನಲ್ಲಿ, ಅಂಥ ಬೆಳಿಗ್ಗೆ, ತಡೆಯಲಾರದ ನಗು. ಆಕೆಯೂ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಇಬ್ಬರೂ ಅತ್ತೆವು. ಪಕ್ಕದ ಮಂಚದ ಅಜ್ಜಿ ನಮ್ಮಿಬ್ಬರನ್ನೂ ಪಿಳಿಪಿಳಿ ನೋಡುತ್ತಿದ್ದರು.

ಪೊಲೀಸು ಕಂಪ್ಲೇಂಟು ಬೇಡವೆಂದು ಯಜಮಾನರೇ ಹೇಳಿದರು. ಮನೆಗೆ ಬಂದ ಮೇಲೆ ಅವರು ತುಂಬ ದಿನ ಗಂಜಿ, ಮೊಸರನ್ನದಲ್ಲೇ ಇದ್ದರು. ತೋಟಗಾರಿಕೆ ಇಲಾಖೆಯವರೊಬ್ಬರು ಗದ್ದೆಗೆ ಹೋಗಿ ನೋಡಿ ಬಂದರಂತೆ. ಹತ್ತಿರದಲ್ಲಿ ಎಲ್ಲೋ ಕಹಿಸೋರೆ ಬಳ್ಳಿ ಇದ್ದು, ಹಿಂದಿನ ವರ್ಷ ದುಂಬಿಯಿಂದ ಅದರ ಹೂವಿನ ಪುಡಿ ಇದಕ್ಕೆ ಸೇರಿ ಬೀಜ ಕೆಟ್ಟಿರಬಹುದು ಎಂದರಂತೆ. ಆಕೆಗೆ ಆಗ ನೆನಪಾಯಿತು. ಗದ್ದೆಯ ಆಚೆ ಬದಿಯ ಬೇಲಿಯಲ್ಲಿ ಯಾರೋ ಒಣಗಿಸಿ ನೀರಿನ ಬುರುಡೆ ಮಾಡುವುದಕ್ಕೆಂದು ಗುಂಡಗಿನ ಸೋರೆ ಹಬ್ಬಿಸಿದ್ದರು. ಹೀಗೂ ಆಗುತ್ತದೆಂದು ಆಕೆಗೆ ಯಾರೂ ಹೇಳಿರಲಿಲ್ಲ, ನಮಗೂ ಹೇಳಿರಲಿಲ್ಲ. ಚಪ್ಪರವನ್ನೆಲ್ಲ ಕಿತ್ತು, ಒಣಗಿಸಿಟ್ಟಿದ್ದ ಸೋರೆ ಬೀಜವನ್ನೂ ಜೊತೆಗೇ ಹಾಕಿ ಬೆಂಕಿ ಕೊಟ್ಟಳು.

ಟೀಚರ ಮನೆಯ ಜಗಲಿಯಲ್ಲಿ ಗುಂಪಿನವರೆಲ್ಲ ಸೇರಿದರು. ಗಂಡ ಹೆಂಡತಿ ಇಬ್ಬರೂ ಬಂದು ಮೂಲೆಯಲ್ಲಿ ನಿಂತಿದ್ದರು, ಕೂರಿ ಎಂದರೂ ಕೂರಲಿಲ್ಲ. ಗುಂಪು ನಿಲ್ಲಿಸಿಬಿಡುತ್ತೇವೆ, ಉಳಿದ ದುಡ್ಡು ವಾಪಸು ಕೊಡುತ್ತೇವೆ ಎಂದು ಆಕೆ ನೆಲ ನೋಡಿಕೊಂಡು ಹೇಳಿದಳು. ಕೆಲವರು ಸಾಕಪ್ಪ ಎಂದು ಎದ್ದು ಹೋದರು. ಅವರನ್ನು ಏನೂ ಅನ್ನುವ ಹಾಗಿರಲಿಲ್ಲ, ಹೆದರಿದ್ದರು. ಯಜಮಾನರು ಉಳಿದವರ ಕಡೆ ತಿರುಗಿದರು.

"ಕಹಿ ಅಂತ ಗೊತ್ತಿದ್ದೂ ಕುಡಿದೋನು ನಾನು. ಇವ್ಳು ಚೆಲ್ಲಿ ಅಂತ ಹೇಳಿದ್ಲು. ನಾನೇ ಗುಂಪಲ್ಲಿ ಇರ್ತೀನಿ ಅಂದ್ಮೇಲೆ ನಿಮಗೇನ್ರೀ?"

ಇರುತ್ತೇನೆ ಎಂದು ಹೇಳಿದ್ದು ಅವರು. ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಏಕೆಂದರೆ ಬೆಚ್ಚಿದ್ದು ಅವರಿಗಿಂತ ನಾನೇ ಹೆಚ್ಚು. ಮುಂದಿನ ವಾರ ಚೀಲ ಬಂದಾಗ ಅದನ್ನು ಅಡುಗೆಮನೆಯ ಮೂಲೆಯಲ್ಲಿಟ್ಟೆ, ಬಿಚ್ಚಲಿಲ್ಲ. ಸೊಪ್ಪು ಒಳಗೇ ಕೊಳೆತು ನಾರಿತು. ಅದರ ಮುಂದಿನ ವಾರ ಬಿಚ್ಚಿದೆ. ಬದನೆಕಾಯಿ, ಹೀರೆಕಾಯಿ, ಮೂಲಂಗಿ, ಪ್ರತಿಯೊಂದನ್ನೂ ತುದಿ ಕೊಯ್ದು ನಾಲಿಗೆಗೆ ತಾಗಿಸಿ, ಸ್ವಲ್ಪ ಹೊತ್ತು ನಿಂತು, ಏನೂ ಆಗಲಿಲ್ಲ ಎಂದ ಮೇಲೆ ಒಲೆ ಹಚ್ಚಿದೆ. ಪೇಟೆಯಿಂದ ತಂದ ಆಲೂಗಡ್ಡೆಯನ್ನೂ ಹಾಗೇ ಮಾಡಿದೆ. ಕಣ್ಣಿಗೆ ಇಷ್ಟು ಚಂದ ಕಾಣುವ ವಸ್ತುವಿನೊಳಗೆ ಏನಿದೆಯೆಂದು ನೋಡಿದರೆ ತಿಳಿಯುವುದಿಲ್ಲವಲ್ಲ ಎಂಬ ದಿಗಿಲು ಎಷ್ಟೋ ತಿಂಗಳು ಕೈಯಲ್ಲೇ ಇತ್ತು. ಸೌತೆಕಾಯಿಗೆ ಚಾಕು ಇಡುವಾಗ ಈಗಲೂ ಒಮ್ಮೆ ತಡೆಯುತ್ತೇನೆ.

ಮುಂದಿನ ಸೀಸನ್ನಿಗೆ ಪಾತಿ ಮಾಡುವ ಕೆಲಸಕ್ಕೆ ಉಳಿದ ಮನೆಯವರೆಲ್ಲ ಒಂದು ದಿನ ಗದ್ದೆಗೆ ಹೋದೆವು. ಟೀಚರ್ ಮೊಮ್ಮಗುವನ್ನು ಎತ್ತಿಕೊಂಡು ಬಂದಿದ್ದರು. ಮೈದುನನೂ ಬಂದಿದ್ದ, ಯಾಕೆ ಬಂದೆ ಎಂದು ನಾವು ಕೇಳಲಿಲ್ಲ. ಆಕೆ ಬಸಳೆಗೆ, ಅಲಸಂದೆಗೆ ಸಾಲು ಹಿಡಿದು ತೋರಿಸುತ್ತಿದ್ದಳು. ಯಜಮಾನರು ಗುದ್ದಲಿ ಊರಿಕೊಂಡು ಸುತ್ತ ನೋಡಿ, ಎಲ್ಲರಿಗೂ ಕೇಳುವಂತೆ ಕೇಳಿಬಿಟ್ಟರು:

"ಈ ಸಲ ಸೋರೆ ಹಾಕಲ್ವಾ?"

ಆಕೆ ಕೈಯಲ್ಲಿದ್ದ ಬೀಜದ ಬಟ್ಟಲನ್ನು ಹಿಡಿದುಕೊಂಡೇ ಗದ್ದೆಯ ಬದುವಿನ ಮೇಲೆ ಕೂತುಬಿಟ್ಟಳು. ಎಲ್ಲರೂ ಕೆಲಸ ನಿಲ್ಲಿಸಿ ಅವರನ್ನೇ ನೋಡಿದರು.

"ಬೇರೆ ಬೀಜ ತಂದು ಹಾಕಿ," ಎಂದರು ಯಜಮಾನರು. "ನಾನೇ ಮೊದ್ಲು ತಿಂದು ನೋಡ್ತೀನಿ."

"ನೀವು ನೋಡೋದ್ ಬೇಡ ಸಾರ್. ನಿಮಗೆ ಉಗುಳಕ್ಕೇ ಬರಲ್ಲ," ಎಂದಳು ಆಕೆ.

ಮೈದುನ ಜೋರಾಗಿ ನಕ್ಕ. ಆಕೆ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡು ಅಲಸಂದೆ ಸಾಲಿಗೆ ಹೋದಳು. ಆ ವರ್ಷ ಆಕೆ ಸೋರೆ ಹಾಕಲಿಲ್ಲ. ನಾನೂ ಕೇಳಲಿಲ್ಲ.